ನಾಯಿಯ ಒಳಸೀನು: ಬಾಯಿಗೆ ಕೈ ಹಾಕುವ ಮೊದಲು ಒಂದು ನಿಮಿಷ ನಿಲ್ಲಿ

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಆಮೇಲೆ ಉಪದೇಶ.

ನಾಲ್ಕು ವರ್ಷದ ಹಿಂದಿನ ಮಾತು. ಅಡಿಕೆ ಕೊಯ್ಲಿನ ಗಡಿಬಿಡಿ. ಜಗಲಿಯಲ್ಲಿ ಕುಳಿತು ನಾವು ಮೂರು ಜನ ಒಣಗಿದ ಅಡಿಕೆ ಸುಲಿಯುತ್ತಿದ್ದೆವು. ನಮ್ಮ ಪಿಂಟು, ಊರಲ್ಲಿ ಎಲ್ಲರೂ ಪೊಮೇರಿಯನ್ ಅಂತ ಕರೆಯುವ ಬಿಳಿ ಉದ್ದಕೂದಲಿನ ಸಣ್ಣ ನಾಯಿ, ಸಿಪ್ಪೆ ರಾಶಿಯ ಹತ್ತಿರ ಮಲಗಿತ್ತು. ಪಕ್ಕನೆ ಎದ್ದು ನಿಂತಿತು. ಮುಂಗಾಲು ಅಗಲಿಸಿ, ಕುತ್ತಿಗೆ ಮುಂದಕ್ಕೆ ಚಾಚಿ, ಕಣ್ಣು ಉಬ್ಬಿಸಿಕೊಂಡು 'ಗೊರ್ಕ್ ಗೊರ್ಕ್ ಗೊರ್ಕ್' ಅಂತ ಮೂಗಿನಿಂದ ಉಸಿರು ಎಳೆಯತೊಡಗಿತು. ಹಂದಿ ಗುಟುರು ಹಾಕಿದ ಹಾಗೆ ಶಬ್ದ. ಮೈ ಇಡೀ ಅಲುಗುತ್ತಿತ್ತು.

'ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ, ಸಾಯ್ತದೆ' ಅಂತ ಅಮ್ಮ ಕೂಗಿದರು. ನಾನು ಹಿಂದೆ ಮುಂದೆ ನೋಡದೆ ನಾಯಿಯ ಬಾಯಿ ಬಿಡಿಸಿ ಎರಡು ಬೆರಳು ಹಾಕಿ ಗಂಟಲು ತಡಕಾಡಿದೆ. ಏನೂ ಸಿಗಲಿಲ್ಲ. ನಾಯಿ ಹೆದರಿ ಬಾಯಿ ಮುಚ್ಚಿತು, ಬೆರಳಿಗೆ ಹಲ್ಲು ಗೀರಿ ರಕ್ತ ಬಂತು. ಅಷ್ಟರಲ್ಲಿ ನೆರೆಮನೆಯ ಮಾವ ಬಂದು 'ಮೂಗಿಗೆ ಎರಡು ಬಿಂದು ತೆಂಗಿನೆಣ್ಣೆ ಬಿಡು ಮಾರಾಯ' ಅಂದರು. ಎಣ್ಣೆ ತರುವಷ್ಟರಲ್ಲಿ ಪಿಂಟು ಒಮ್ಮೆ ಉಗುಳು ನುಂಗಿ, ಮೈ ಕೊಡವಿ, ಕೋಳಿ ಓಡಿಸಲು ಹೋಗಿಯಾಗಿತ್ತು! ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ.

ಮರುದಿನ ಪಶುವೈದ್ಯರ ಹತ್ತಿರ ಕೊಂಡುಹೋದೆ. ಅವರು ಕಥೆ ಪೂರ್ತಿ ಕೇಳಿ, ನಾಯಿಯನ್ನು ಮುಟ್ಟುವ ಮೊದಲು ನನ್ನ ಬೆರಳು ನೋಡಿದರು. 'ಇದಕ್ಕೆ ಹುಚ್ಚುನಾಯಿ ರೋಗದ ಇಂಜೆಕ್ಷನ್ ಆಗಿದೆಯಾ?' ಅಂತ ಕೇಳಿದರು. ಆಗಿರಲಿಲ್ಲ. 'ನಾಯಿಗೆ ಏನೂ ಆಗಿಲ್ಲ. ನೀವು ಮೊದಲು ಆಸ್ಪತ್ರೆಗೆ ಹೋಗಿ' ಅಂದರು.

ಹಾಗೆ ನಾನು ಆ ದಿನ, ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ ಅಂತ ನಾಲ್ಕು ಸಲ ತಾಲೂಕು ಆಸ್ಪತ್ರೆಗೆ ಬಸ್ಸು ಹತ್ತಿದೆ. ರಕ್ತ ಬಂದ ಗಾಯ ಅಂತ ಮೊದಲ ದಿನ ಗಾಯದ ಸುತ್ತ ಚುಚ್ಚುವ ಇಮ್ಯುನೋಗ್ಲಾಬ್ಯುಲಿನ್ ಬೇರೆ. ಕೊಯ್ಲಿನ ಸಮಯದಲ್ಲಿ ನಾಲ್ಕು ದಿನದ ಕೆಲಸ ಹಾಳು. ನಾಯಿ ಹತ್ತು ದಿನ ಕಳೆದರೂ ಆರಾಮವಾಗಿಯೇ ಇತ್ತು. ಆದರೆ ಆ ಹತ್ತು ದಿನ ಮನೆಯವರಿಗೆ ಸರಿಯಾಗಿ ಊಟ ಸೇರಲಿಲ್ಲ.

ಅದಕ್ಕಾಗಿ ಈ ಲೇಖನ. ಪಿಂಟುವಿಗೆ ಬಂದದ್ದಕ್ಕೆ ರಿವರ್ಸ್ ಸ್ನೀಜಿಂಗ್ ಅಂತ ಹೆಸರು. ಕನ್ನಡದಲ್ಲಿ ಬಳಕೆಯ ಹೆಸರು ನನಗೆ ಸಿಗಲಿಲ್ಲ. ನಾವು ಮನೆಯಲ್ಲಿ 'ಒಳಸೀನು' ಅನ್ನುತ್ತೇವೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಎಂತದು ಈ ಒಳಸೀನು?

ಸಾಮಾನ್ಯ ಸೀನು ಅಂದರೆ ಮೂಗಿನ ಮುಂಭಾಗದ ಕಸವನ್ನು ಗಾಳಿ ರಭಸದಿಂದ ಹೊರಗೆ ದೂಡುವುದು. ಮೂಗಿನ ಹಿಂಭಾಗದಲ್ಲಿ, ಗಂಟಲಿಗೆ ಕೂಡುವಲ್ಲಿ, ಮೆದು ಅಂಗುಳದ ಮೇಲ್ಗಡೆ ತುರಿಕೆಯೋ ಕಿರಿಕಿರಿಯೋ ಆದರೆ ಹೊರಗೆ ದೂಡಿ ಪ್ರಯೋಜನವಿಲ್ಲ. ಆಗ ನಾಯಿಯ ಮೈ ಉಲ್ಟಾ ಕೆಲಸ ಮಾಡುತ್ತದೆ. ಬಾಯಿ ಮುಚ್ಚಿಕೊಂಡು ಮೂಗಿನಿಂದ ಜೋರಾಗಿ, ಮತ್ತೆ ಮತ್ತೆ, ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಅಲ್ಲಿದ್ದ ಸಿಂಬಳ, ಧೂಳು ಗಂಟಲಿಗೆ ಇಳಿಯುತ್ತದೆ. ನಾಯಿ ನುಂಗುತ್ತದೆ. ಆಟ ಮುಗಿಯಿತು. ಶೀತವಾದಾಗ ನಾವು ಮೂಗಿನ ಕಫವನ್ನು ಗಂಟಲಿಗೆ ಎಳೆದುಕೊಳ್ಳುವುದಿಲ್ಲವೇ? ಹೆಚ್ಚು ಕಡಿಮೆ ಅದೇ ಲೆಕ್ಕ.

ಕೆಲವು ಸೆಕೆಂಡಿನಿಂದ ಒಂದೆರಡು ನಿಮಿಷದ ಒಳಗೆ ಇದು ಮುಗಿಯುತ್ತದೆ. ಮುಗಿದ ಮೇಲೆ ನಾಯಿ ಮೊದಲಿನ ಹಾಗೆಯೇ. ಮುಖ್ಯ ಗುರುತು ಇದೇ. ಯಾವ ಜಾತಿಯ ನಾಯಿಗೂ ಬರಬಹುದು, ಆದರೆ ಸಣ್ಣ ನಾಯಿಗಳಲ್ಲಿ ಹೆಚ್ಚು. ಪಗ್‌ನಂಥ ಚಪ್ಪಟೆ ಮುಖದವುಗಳಿಗೆ ಅಂಗುಳವೇ ಉದ್ದವಾಗಿ ಗಂಟಲಿಗೆ ಅಡ್ಡ ಬರುವುದರಿಂದ ಇನ್ನಷ್ಟು ಹೆಚ್ಚು.

ನಮ್ಮ ಹಳ್ಳಿಮನೆಗಳಲ್ಲಿ ಹಿಂದೆ ಇದ್ದದ್ದು ಊರ ನಾಯಿ. 1994ರ ಹಿಂದಿ ಸಿನಿಮಾ 'ಹಮ್ ಆಪ್‌ಕೆ ಹೈ ಕೌನ್'ನಲ್ಲಿ ಬಿಳಿ ಸ್ಪಿಟ್ಜ್ ನಾಯಿಯನ್ನು ಎಲ್ಲರೂ ಕಂಡರು. 2003ರಲ್ಲಿ ಮೊಬೈಲ್ ಕಂಪೆನಿಯೊಂದರ ಜಾಹೀರಾತಿನಲ್ಲಿ ಪಗ್ ಬಂತು. ಪೇಟೆಯಲ್ಲಿದ್ದ ಮಕ್ಕಳು ತಂದು ಸಾಕಿದ್ದು, ಅಲ್ಲಿ ನೋಡಿಕೊಳ್ಳಲು ಆಗದೆ ಕೊನೆಗೆ ತೋಟದ ಮನೆಗೆ ಬಂದು ಸೇರಿದ್ದೂ ಉಂಟು. ನಾಯಿ ಬಂತು, ಅದರ ಕಷ್ಟಸುಖದ ತಿಳುವಳಿಕೆ ಜೊತೆಗೆ ಬರಲಿಲ್ಲ.

ಯಾಕೆ ಬರುತ್ತದೆ?

ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಕೃಷಿಕರ ಮನೆಯೇ ಒಂದು ಧೂಳಿನ ಕಾರ್ಖಾನೆ. ಅಡಿಕೆ ಸುಲಿಯುವಾಗ ಏಳುವ ಧೂಳು, ಬೈಹುಲ್ಲು ಕೊಡವುವುದು, ಭತ್ತದ ಹೊಟ್ಟು, ಕಾಳುಮೆಣಸು ಬಿಡಿಸಿ ಗೇರುವಾಗಿನ ಘಾಟು, ಬಚ್ಚಲ ಒಲೆಯ ಹೊಗೆ, ಸೊಳ್ಳೆ ಬತ್ತಿ, ಅಗರಬತ್ತಿ, ಒಗ್ಗರಣೆಯ ಮೆಣಸಿನ ಘಾಟು, ಹೂ ಬಿಡುವ ಸಮಯದ ಪರಾಗ. ಇದರಲ್ಲಿ ಯಾವುದೂ ಆಗಬಹುದು.

ಕುತ್ತಿಗೆಯ ಬೆಲ್ಟಿಗೆ ಹಗ್ಗ ಕಟ್ಟಿ ಎಳೆದರೂ ಬರುತ್ತದೆ. ಗಬಗಬನೆ ತಿಂದರೂ, ನೀರು ಕುಡಿದರೂ ಬರುತ್ತದೆ. ನೆಂಟರು ಬಂದಾಗ ಖುಷಿಯಲ್ಲಿ ಕುಣಿದರೂ ಬರುತ್ತದೆ. ಮುಳ್ಳಿರುವ ಹುಲ್ಲಿನ ಬೀಜ ಮೂಗಿಗೆ ಹೊಕ್ಕಿದ್ದರೆ ಬರುತ್ತದೆ. ಇದು ತಾನಾಗಿ ಹೋಗದಿದ್ದರೆ ವೈದ್ಯರೇ ತೆಗೆಯಬೇಕು.

ಇನ್ನೊಂದು ಕಾರಣ ನುಸಿ. 1998ರಲ್ಲಿ ಕೇರಳದಲ್ಲಿ ಕಾಣಿಸಿ ಆಮೇಲೆ ನಮ್ಮ ತೆಂಗನ್ನೂ ಕಾಡಿದ ನುಸಿ ನೆನಪಿದೆಯಲ್ಲ? ಜಾತಿ ಬೇರೆ, ಆದರೆ ನಾಯಿಯ ಮೂಗಿನೊಳಗೇ ಬದುಕುವ ನುಸಿಯೂ ಒಂದು ಉಂಟು. ಒಂದು, ಒಂದೂವರೆ ಮಿಲಿಮೀಟರ್ ಉದ್ದ. ನಾಯಿ ನಾಯಿ ಮೂಗು ತಾಗಿಸಿದಾಗ ದಾಟುತ್ತದೆ. ಒಳಸೀನು ದಿನಾ ಬರುತ್ತಿದ್ದರೆ, ಜೊತೆಗೆ ಮೂಗು ಉಜ್ಜಿಕೊಳ್ಳುತ್ತಿದ್ದರೆ ವೈದ್ಯರು ಇದನ್ನೂ ಯೋಚಿಸುತ್ತಾರೆ. ಅದಕ್ಕೆ ಮದ್ದು ಉಂಟು. ಆದರೆ ಹಟ್ಟಿಯಲ್ಲಿ ದನಕ್ಕೆ ತಂದಿಟ್ಟ ಐವರ್‌ಮೆಕ್ಟಿನ್ ಬಾಟಲಿಯಿಂದ ಅಂದಾಜಿನಲ್ಲಿ ಎಳೆದು ನಾಯಿಗೆ ಚುಚ್ಚಬೇಡಿ. ಕೋಲಿಯಂಥ ಕೆಲವು ಜಾತಿಯ ನಾಯಿಗಳು ಆ ಮದ್ದಿಗೆ ಸತ್ತೇ ಹೋಗಬಹುದು. ಸಣ್ಣ ನಾಯಿಗೆ ಅಳತೆ ತಪ್ಪುವುದೂ ಸುಲಭ.

ಬಂದಾಗ ಏನು ಮಾಡೋದು?

ನನ್ನ ಅಭಿಪ್ರಾಯದಲ್ಲಿ ಮೊದಲ ಕೆಲಸ ಸುಮ್ಮನೆ ನಿಲ್ಲುವುದು. ಕೂಗಾಟ ಬೇಡ. ನಾವು ಹೆದರಿದರೆ ನಾಯಿಯೂ ಹೆದರುತ್ತದೆ, ಹೆದರಿದರೆ ಸೀನು ಇನ್ನೂ ಮುಂದುವರಿಯುತ್ತದೆ. ಹತ್ತಿರ ಕುಳಿತು, ಮೆಲ್ಲಗೆ ಮಾತನಾಡಿಸಿ, ಗಂಟಲಿನ ಹೊರಗಡೆ ಮೇಲಿಂದ ಕೆಳಗೆ ಮೃದುವಾಗಿ ಸವರಿ. ಉಗುಳು ನುಂಗಿತು ಅಂದರೆ ಬಹುತೇಕ ನಿಲ್ಲುತ್ತದೆ. ಧೂಳು, ಹೊಗೆ ಇದ್ದರೆ ಅಲ್ಲಿಂದ ಗಾಳಿ ಇರುವ ಕಡೆಗೆ ಎತ್ತಿಕೊಂಡು ಹೋಗಿ.

ಮೂಗಿನ ಹೊಳ್ಳೆಯನ್ನು ಒಂದೆರಡು ಸೆಕೆಂಡು ಮುಚ್ಚಿದರೆ ನಾಯಿ ನುಂಗುತ್ತದೆ, ನಿಲ್ಲುತ್ತದೆ ಅಂತ ಹೇಳುವವರು ಇದ್ದಾರೆ. ವೈದ್ಯರಲ್ಲೂ ಕೆಲವರು ಹೇಳುತ್ತಾರೆ. ನಾನು ಮಾಡುವುದಿಲ್ಲ. ತಾನಾಗಿ ನಿಲ್ಲುವುದಕ್ಕೆ ನಾವು ಯಾಕೆ ಮುಖಕ್ಕೆ ಕೈ ಹಾಕಬೇಕು?

ಎರಡನೇ ಕೆಲಸ ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೋ ತೆಗೆಯುವುದು. ಇದಕ್ಕೆ ಖರ್ಚಿಲ್ಲ. ವೈದ್ಯರ ಹತ್ತಿರ ಹೋದಾಗ ನಾಯಿ ಸೀನುವುದಿಲ್ಲ, ನೋಡಿ! ಹಾಳಾದ ಪಂಪು ಮೆಕ್ಯಾನಿಕ್ ಬಂದ ಕೂಡಲೇ ಸರಿಯಾಗುವ ಹಾಗೆ. ನಾವು ಬಾಯಲ್ಲಿ 'ಗೊರ್ಕ್ ಗೊರ್ಕ್' ಅಂತ ಮಾಡಿ ತೋರಿಸಿದರೆ ಅವರಿಗೆ ಕೆಮ್ಮೋ, ವಾಂತಿಯೋ, ಸೀನೋ ಗೊತ್ತಾಗುವುದು ಕಷ್ಟ. ವಿಡಿಯೋ ಕಂಡರೆ ಕೂಡಲೇ ಗೊತ್ತಾಗುತ್ತದೆ.

ಮೂರನೆಯದು, ಬರೆದಿಡುವುದು. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆ ಸಾಕು. ತಾರೀಕು, ಹೊತ್ತು, ಆಗ ಮನೆಯಲ್ಲಿ ಏನು ಕೆಲಸ ನಡೆಯುತ್ತಿತ್ತು. ನಾನು ಎರಡು ತಿಂಗಳು ಬರೆದೆ. ಹನ್ನೊಂದು ಸಲದಲ್ಲಿ ಏಳು ಸಲ ಅಡಿಕೆ ಸುಲಿಯುವ ದಿನವೇ ಬಂದಿತ್ತು. ಈಗ ಸುಲಿಯುವಾಗ ಪಿಂಟುವನ್ನು ಹಿತ್ತಿಲಿನ ಕಡೆ ಬಿಡುತ್ತೇವೆ. ಕುತ್ತಿಗೆ ಬೆಲ್ಟ್ ತೆಗೆದು, ಹಾರ್ನೆಸ್ ಅಂತ ಎದೆಗೆ ಕಟ್ಟುವ ಪಟ್ಟಿ ಸಿಗುತ್ತದೆ, ಅದನ್ನು ಹಾಕಿದೆವು. ಒಳಸೀನು ಪೂರ್ತಿ ನಿಲ್ಲಲಿಲ್ಲ, ತಿಂಗಳಿಗೆ ಒಂದೆರಡಕ್ಕೆ ಇಳಿಯಿತು. ಮದ್ದು ಒಂದು ಚಮಚವೂ ಬೇಕಾಗಲಿಲ್ಲ.

ಏನು ಮಾಡಬಾರದು?

ಮೂಗಿಗೆ ಎಣ್ಣೆ, ಉಪ್ಪುನೀರು, ನಶ್ಯ, ಈರುಳ್ಳಿ ರಸ ಯಾವುದನ್ನೂ ಬಿಡಬೇಡಿ. ಒಳಕ್ಕೆ ಜೋರಾಗಿ ಉಸಿರು ಎಳೆಯುತ್ತಿರುವ ಪ್ರಾಣಿಯ ಮೂಗಿಗೆ ಎಣ್ಣೆ ಬಿಟ್ಟರೆ ಅದು ಎಲ್ಲಿಗೆ ಹೋಗುತ್ತದೆ? ಶ್ವಾಸಕೋಶಕ್ಕೆ. ಅಲ್ಲಿ ಹೋದ ಎಣ್ಣೆಯಿಂದ ನ್ಯುಮೋನಿಯಾ ಆಗುತ್ತದೆ. ಇಲ್ಲದ ರೋಗವನ್ನು ನಾವೇ ತಂದಂತೆ. ಇದೇ ಕಾರಣಕ್ಕೆ ಆ ಹೊತ್ತಿನಲ್ಲಿ ಬಾಯಿಗೆ ಕಷಾಯ, ಜೇನು ಸುರಿಯುವುದೂ ಬೇಡ. ನಮಗೆ ಕೊಟ್ಟ ಶೀತದ ಮಾತ್ರೆ, ಪ್ಯಾರಾಸಿಟಮಾಲ್ ನಾಯಿಗೆ ಕೊಡಬೇಡಿ. ಮೊಬೈಲಿನಲ್ಲಿ ಯಾರೋ ಕಳಿಸಿದ ಮನೆಮದ್ದನ್ನು ನಿಮ್ಮ ನಾಯಿಯ ಮೇಲೆ ಪರೀಕ್ಷೆ ಮಾಡಬೇಡಿ.

ಎಲ್ಲಕ್ಕಿಂತ ಮುಖ್ಯ, ಬಾಯಿಗೆ ಕೈ ಹಾಕಬೇಡಿ.

ಇದನ್ನು ನಾನು ಒತ್ತಿ ಹೇಳಲು ಕಾರಣ ಉಂಟು. ಹುಚ್ಚುನಾಯಿ ರೋಗ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಓಡಿ ಬಂದು ಕಚ್ಚುವ ನಾಯಿ. ಆದರೆ ಆ ರೋಗದ ಇನ್ನೊಂದು ರೂಪದಲ್ಲಿ ನಾಯಿ ಕಚ್ಚಲು ಬರುವುದೇ ಇಲ್ಲ. ಮಂಕಾಗಿ ಮೂಲೆಯಲ್ಲಿ ಕುಳಿತಿರುತ್ತದೆ. ಗಂಟಲಿನ, ದವಡೆಯ ಸ್ನಾಯುಗಳು ಸೋತು ಕೆಳದವಡೆ ಜೋತು ಬೀಳುತ್ತದೆ, ಜೊಲ್ಲು ಸುರಿಯುತ್ತದೆ, ಸ್ವರ ಬದಲಾಗುತ್ತದೆ, ನುಂಗಲು ಆಗುವುದಿಲ್ಲ. ನೋಡಿದವರಿಗೆ 'ಪಾಪ, ಗಂಟಲಲ್ಲಿ ಮೂಳೆ ಸಿಕ್ಕಿದೆ' ಅಂತಲೇ ಅನಿಸುತ್ತದೆ. ಕರುಣೆಯಿಂದ ಕೈ ಹಾಕುತ್ತಾರೆ. ರೋಗಾಣು ಇರುವುದು ಅದೇ ಜೊಲ್ಲಿನಲ್ಲಿ. ನಮ್ಮ ಕೃಷಿಕರ ಕೈಯಲ್ಲಿ ಕತ್ತಿಯ ಗೀರು, ಮುಳ್ಳಿನ ಗಾಯ ಇಲ್ಲದ ದಿನ ಯಾವುದು? ಕಚ್ಚಲೇಬೇಕೆಂದಿಲ್ಲ. ಗಾಯಕ್ಕೆ ಜೊಲ್ಲು ತಾಗಿದರೆ ಸಾಕು.

ಈ ರೋಗದ ಲಕ್ಷಣ ಮನುಷ್ಯನಲ್ಲಿ ಶುರುವಾದ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಲೂಯಿ ಪ್ಯಾಶ್ಚರ್ 1885ರ ಜುಲೈ 6ರಂದು ಒಂಬತ್ತು ವರ್ಷದ ಹುಡುಗನಿಗೆ ಮೊದಲ ಲಸಿಕೆ ಕೊಟ್ಟು ಇಷ್ಟು ಕಾಲವಾದರೂ, ಲಸಿಕೆ ಹಾಕಿಸದ ನಾಯಿಯ ಬಾಯಿಗೆ ನಾನು ಬೆರಳು ಹಾಕಿದ್ದೆ! ಎಂತಹ ಬುದ್ಧಿ!

ಯಾವುದಕ್ಕೆ ನಿಜವಾಗಿ ಹೆದರಬೇಕು?

ಒಳಸೀನಿನ ಹಾಗೆ ಕಂಡು ಒಳಸೀನು ಅಲ್ಲದ್ದು ನಾಲ್ಕು ಉಂಟು. ಗುರುತು ನೆನಪಿಡಿ.

ಒಂದು, ನಿಜವಾಗಿ ಗಂಟಲು ಕಟ್ಟಿದ್ದು. ಆಗ ನಾಯಿ ಬಾಯಿ ತೆರೆದಿರುತ್ತದೆ, ಮುಂಗಾಲಿನಿಂದ ಬಾಯಿ ಗೀರಿಕೊಳ್ಳುತ್ತದೆ, ನಾಲಗೆ ಒಸಡು ನೀಲಿಯಾಗುತ್ತದೆ, ಬಿದ್ದುಹೋಗುತ್ತದೆ. ಏನೋ ನುಂಗಿದ್ದನ್ನು ಕಣ್ಣಾರೆ ಕಂಡಿದ್ದರೆ, ಲಸಿಕೆ ಆದ ನಿಮ್ಮದೇ ನಾಯಿಯಾದರೆ, ಸಣ್ಣ ನಾಯಿಯನ್ನು ಹಿಂಗಾಲು ಹಿಡಿದು ತಲೆ ಕೆಳಗಾಗುವಂತೆ ಎತ್ತಿದರೆ ವಸ್ತು ಜಾರಿ ಬರಬಹುದು. ಬಂದರೂ ಬಾರದಿದ್ದರೂ ತಡಮಾಡದೆ ವೈದ್ಯರಲ್ಲಿಗೆ.

ಎರಡು, ಶ್ವಾಸನಾಳ ಕುಸಿಯುವುದು. ಪೊಮೇರಿಯನ್‌ನಂಥ ಸಣ್ಣ ನಾಯಿಗಳಲ್ಲಿ ಶ್ವಾಸನಾಳದ ಉಂಗುರಗಳು ಮೆತ್ತಗಾಗಿ ಕೊಳವೆ ಚಪ್ಪಟೆಯಾಗುತ್ತದೆ, ಹಳೆ ಪೈಪು ಹೀರುವಾಗ ಒತ್ತಿಕೊಂಡ ಹಾಗೆ. ಇದರಲ್ಲಿ ಬರುವುದು ಬಾತುಕೋಳಿ ಕೂಗಿದಂಥ ಒಣಕೆಮ್ಮು. ಬೆಲ್ಟ್ ಎಳೆದರೆ, ಓಡಿದರೆ, ಮೈಯಲ್ಲಿ ಕೊಬ್ಬು ಹೆಚ್ಚಿದ್ದರೆ ಜಾಸ್ತಿ. ಉಳಿದ ಅನ್ನ, ಹಾಲು, ತಿಂಡಿ ಹಾಕಿ ಹಾಕಿ ನಾವು ಸಣ್ಣ ನಾಯಿಯನ್ನು ಕುಂಬಳಕಾಯಿ ಮಾಡಿರುತ್ತೇವೆ. ವಯಸ್ಸಾದ ಸಣ್ಣ ನಾಯಿಗೆ ರಾತ್ರಿ ಕೆಮ್ಮು ಬಂದರೆ ಹೃದಯದ ತೊಂದರೆಯೂ ಇರಬಹುದು. ಎರಡಕ್ಕೂ ವೈದ್ಯರೇ ಬೇಕು.

ಮೂರು, ಮೂಗಿನಲ್ಲಿ ಜಿಗಣೆ. ತೋಡು, ಕೆರೆ ನೀರು ಕುಡಿಯುವ ನಾಯಿ, ದನಗಳ ಮೂಗಿಗೆ ಇದು ಹೊಕ್ಕುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಒಂದೇ ಹೊಳ್ಳೆಯಿಂದ ರಕ್ತ, ಎಡೆಬಿಡದ ಸೀನು, ಕೆಲವೊಮ್ಮೆ ನೀರು ಕುಡಿಯುವಾಗ ಕಪ್ಪು ತುದಿ ಇಣುಕುವುದು ಇದರ ಗುರುತು. ಗಟ್ಟಿಯಾಗಿ ಎಳೆದರೆ ತುಂಡಾಗಿ ರಕ್ತ ಹೆಚ್ಚಾಗಬಹುದು. ವೈದ್ಯರು ತೆಗೆಯಲಿ.

ನಾಲ್ಕು, ಈಗಾಗಲೇ ಹೇಳಿದ ಹುಚ್ಚುನಾಯಿ ರೋಗ. ಒಳಸೀನು ಒಂದು ನಿಮಿಷದಲ್ಲಿ ಮುಗಿದು ನಾಯಿ ಕೋಳಿ ಓಡಿಸಲು ಹೋಗುತ್ತದೆ. ಈ ರೋಗದಲ್ಲಿ ಹಾಗಿಲ್ಲ. ನಾಯಿ ಗಂಟೆಗಂಟೆಗೆ ಹಾಳಾಗುತ್ತಾ ಹೋಗುತ್ತದೆ. ಸಂಶಯ ಬಂದರೆ ಮುಟ್ಟದೆ, ಮಕ್ಕಳನ್ನು ಹತ್ತಿರ ಬಿಡದೆ, ಕೋಣೆಯಲ್ಲಿ ಕೂಡಿಹಾಕಿ ಪಶು ಆಸ್ಪತ್ರೆಗೆ ಹೇಳಿ. ಕಚ್ಚಿದ್ದರೆ, ಗೀರಿದ್ದರೆ, ಗಾಯಕ್ಕೆ ಜೊಲ್ಲು ತಾಗಿದ್ದರೆ ಹರಿಯುವ ನೀರು, ಸಾಬೂನಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಹತ್ತು ದಿನ ನಾಯಿಯನ್ನು ನೋಡಿ ಆಮೇಲೆ ಯೋಚಿಸೋಣ ಅಂತ ಕಾಯಬೇಡಿ. ನಾಯಿಯನ್ನು ನೋಡುತ್ತಾ ಇರುವುದು ಒಂದು ಕಡೆ, ಇಂಜೆಕ್ಷನ್ ಶುರು ಮಾಡುವುದು ಇನ್ನೊಂದು ಕಡೆ.

ಒಳಸೀನೇ ಆದರೂ ದಿನಕ್ಕೆ ಹಲವು ಸಲ ಬರುತ್ತಿದ್ದರೆ, ವಾರ ವಾರಕ್ಕೆ ಹೆಚ್ಚುತ್ತಿದ್ದರೆ, ಮೂಗಿನಿಂದ ಕೀವು ರಕ್ತ ಬಂದರೆ, ಊಟ ಬಿಟ್ಟರೆ, ತೂಕ ಇಳಿದರೆ, ಎಂಟು ಹತ್ತು ವರ್ಷದ ನಾಯಿಗೆ ಹೊಸದಾಗಿ ಶುರುವಾದರೆ ತೋರಿಸಲೇಬೇಕು.

ಕೊನೆಗೆ ನನ್ನ ಮಾತು

'ಹಿಂದಿನವರು ನಾಯಿಗೆ ಡಾಕ್ಟ್ರು ಕಂಡಿದ್ದಾರಾ?' ಅಂತ ಮಾವ ಈಗಲೂ ಕೇಳುತ್ತಾರೆ. ಕಂಡಿಲ್ಲ, ನಿಜ. ಹಿಂದಿನವರ ಕಾಲದಲ್ಲಿ ನಾಯಿ ಕಚ್ಚಿ ಸತ್ತವರ ಕಥೆ ಒಂದಾದರೂ ಇಲ್ಲದ ಊರು ಇಲ್ಲ ಅನ್ನುವುದೂ ನಿಜ.

ಇದಕ್ಕೆ ವಿರುದ್ಧವಾಗಿ ಹೊಸ ತಲೆಮಾರು ನಾಯಿ ಒಮ್ಮೆ ಗೊರ್ ಅಂದ ಕೂಡಲೇ ಕಾರು ಹತ್ತಿಸಿ ದೊಡ್ಡ ಪೇಟೆಗೆ ಓಡುತ್ತದೆ. ಸಣ್ಣ ಹಿಡುವಳಿದಾರರಾದ ನಮಗೆ ಅದೂ ಹೊಂದುವುದಿಲ್ಲ, ಬೇಕಾಗಿಯೂ ಇಲ್ಲ. ಹೆಚ್ಚಿನ ಒಳಸೀನಿಗೆ ಬೇಕಾದದ್ದು ನೋಡುವ ಕಣ್ಣು ಮಾತ್ರ. ಅದು ನಮ್ಮ ಹತ್ತಿರ ಉಂಟು. ದನ ಮೆಲುಕು ಹಾಕದಿದ್ದರೆ, ಅಡಿಕೆ ಮರದ ಎಲೆ ಸ್ವಲ್ಪ ಹಳದಿಯಾದರೆ ಕೂಡಲೇ ಗೊತ್ತಾಗುವ ಕಣ್ಣು ನಮ್ಮದು. ಅದೇ ಕಣ್ಣನ್ನು ಅಂಗಳದ ನಾಯಿಯ ಕಡೆಗೂ ತಿರುಗಿಸಿದರೆ ಸಾಕು. ರಾತ್ರಿ ತೋಟಕ್ಕೆ ಕಾಡುಹಂದಿ ಬಂದದ್ದನ್ನು ಮೊದಲು ಹೇಳುವುದು ಅದೇ ಅಲ್ಲವೇ?

ಖರ್ಚು ಮಾಡಲೇಬೇಕಾದದ್ದು ಒಂದೇ. ಹುಚ್ಚುನಾಯಿ ರೋಗದ ಲಸಿಕೆ. ಮೂರು ತಿಂಗಳು ತುಂಬಿದ ಮರಿಗೆ ಮೊದಲನೆಯದು, ವೈದ್ಯರು ಹೇಳಿದ ಸಮಯಕ್ಕೆ ಬೂಸ್ಟರ್, ಆಮೇಲೆ ವರ್ಷಕ್ಕೊಂದು. ಪ್ರತಿವರ್ಷ ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಹಲವೆಡೆ ಉಚಿತವಾಗಿ ಹಾಕುತ್ತಾರೆ, ನಿಮ್ಮ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಹಾಲಿನ ಸೊಸೈಟಿಯಲ್ಲಿ ನಾಲ್ಕು ಜನ ಸೇರಿ ಮಾತಾಡಿ ಒಂದೇ ದಿನ ಊರಿನ ಎಲ್ಲ ನಾಯಿಗಳಿಗೆ ಹಾಕಿಸಿದರೆ ಇನ್ನೂ ಒಳ್ಳೆಯದು. ಒಂದು ಮನೆಯ ನಾಯಿಗೆ ಹಾಕಿ, ಪಕ್ಕದ ಮನೆಯದನ್ನು ಬಿಟ್ಟರೆ ಕೊಳೆರೋಗಕ್ಕೆ ಅರ್ಧ ತೋಟಕ್ಕೆ ಮಾತ್ರ ಬೋರ್ಡೋ ಹೊಡೆದ ಹಾಗೆ.

ಪಿಂಟುವಿಗೆ ಈಗ ಒಂಬತ್ತು ವರ್ಷ. ಮೊನ್ನೆ ಮೆಣಸು ಗೇರುವಾಗ ಅಂಗಳಕ್ಕೆ ನುಗ್ಗಿ ಮತ್ತೆ 'ಗೊರ್ಕ್' ಶುರು ಮಾಡಿತು. ಅಮ್ಮ ಗೆರಸಿ ಕೆಳಗಿಟ್ಟು, ಅದನ್ನು ಎತ್ತಿ ಬಾವಿಕಟ್ಟೆಯ ಹತ್ತಿರ ಬಿಟ್ಟು ಬಂದು ಮತ್ತೆ ಗೇರಲು ಕುಳಿತರು. ಯಾರೂ ಕೂಗಲಿಲ್ಲ. ಎಣ್ಣೆ ಬಾಟಲಿ ಒಳಗೇ ಇತ್ತು.

ನಿಮ್ಮ ಮನೆಯ ನಾಯಿಗೂ ಒಳಸೀನು ಉಂಟೇ? ಏನು ಮಾಡಿದಾಗ ಬಂತು, ಏನು ಬಿಟ್ಟಾಗ ಕಡಿಮೆಯಾಯಿತು ಅಂತ ಪತ್ರಿಕೆಗೆ ಬರೆಯಿರಿ. ಜೊತೆಗೆ ಇಂಜೆಕ್ಷನ್ ಕೊನೆಯ ಸಲ ಯಾವಾಗ ಆಗಿದೆ ಅಂತ ಕಾರ್ಡು ತೆಗೆದು ನೋಡಿ. ಕಾರ್ಡೇ ಇಲ್ಲವಾದರೆ ಈ ವಾರವೇ ಹೊರಡಿ.